ಗಡ್ಡೆ, ಗ್ರೇಡು, ಸ್ಟೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕರಾವಳಿಯ ಓದುಗರಿಂದ ಕ್ಯಾನ್ಸರಿನ ಕುರಿತು ಹಲವು ಪತ್ರಗಳು ಬಂದಿವೆ. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಅಮ್ಮನ ಬೆನ್ನಿನಲ್ಲಿ ಹತ್ತು ಹನ್ನೆರಡು ವರ್ಷಗಳಿಂದ ಮೆತ್ತಗಿನ ಗಂಟೊಂದಿದೆ, ನೋವಿಲ್ಲ. ಈಗ ನನ್ನ ಹೆಂಡತಿಗೆ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆ ಕಂಡಿದೆ. "ಗಡ್ಡೆಯನ್ನು ಹಾಗೇ ಬಿಟ್ರೆ ಒಂದಲ್ಲ ಒಂದು ದಿನ ಕ್ಯಾನ್ಸರ್ ಆಗ್ತದೆ" ಅಂತ ನೆಂಟರು ಹೆದರಿಸುತ್ತಿದ್ದಾರೆ. ಹೌದೇ? — ಕಾಪು

ಎಲ್ಲ ಗಡ್ಡೆಗೂ ಆ ಮಾತು ಸಲ್ಲುವುದಿಲ್ಲ. ಗಡ್ಡೆ ಎಂದರೆ ಒಂದು ಜಾಗದ ಕೋಶಗಳು ಹತೋಟಿ ಮೀರಿ ಹೆಚ್ಚಿಕೊಂಡು ಆದ ಮುದ್ದೆ. ಅದು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಗಾತ್ರದಿಂದ ತೀರ್ಮಾನವಾಗುವುದಿಲ್ಲ. ಫೈಬ್ರಾಯ್ಡ್ ಹೊಟ್ಟೆ ಉಬ್ಬುವಷ್ಟು ಬೆಳೆದರೂ ಕ್ಯಾನ್ಸರ್ ಅಲ್ಲ. ನಾಲಿಗೆಯ ಅಂಚಿನಲ್ಲಿರುವ ಅರ್ಧ ಸೆಂಟಿಮೀಟರ್ ಹುಣ್ಣು ಕ್ಯಾನ್ಸರ್ ಇರಬಹುದು. ಕೋಶಗಳು ತಮ್ಮ ಗಡಿ ದಾಟಿ ಪಕ್ಕದ ಅಂಗಾಂಶಕ್ಕೆ ನುಗ್ಗುತ್ತಿವೆಯೇ, ರಕ್ತನಾಳ ಅಥವಾ ದುಗ್ಧನಾಳ (ಲಿಂಫ್ ದ್ರವ ಹರಿಯುವ ನಾಳ) ಹಿಡಿದು ದೂರ ಹೋಗಬಲ್ಲವೇ ಎಂಬುದೇ ಮುಖ್ಯ. ರಿಪೋರ್ಟಿನಲ್ಲಿ 'ಬಿನೈನ್' ಎಂದು ಬರೆಯುವ ಗಡ್ಡೆ ಪಕ್ಕದ್ದನ್ನು ತಳ್ಳಿಕೊಂಡು ಬೆಳೆಯುತ್ತದೆ, ಸುತ್ತ ಹೆಚ್ಚಾಗಿ ಒಂದು ಪೊರೆ ಇರುತ್ತದೆ, ಬಿಡಿಸಿದರೆ ಇಡಿಯಾಗಿ ಕೈಗೆ ಬರುತ್ತದೆ. 'ಮ್ಯಾಲಿಗ್ನೆಂಟ್' ಗಡ್ಡೆಗೆ ಅಂಥ ಅಂಚೇ ಇರುವುದಿಲ್ಲ. ಆದ್ದರಿಂದಲೇ ಸರ್ಜನ್ ಸುತ್ತಲಿನ ಚೆನ್ನಾಗಿರುವ ಭಾಗವನ್ನೂ ಸೇರಿಸಿ ತೆಗೆಯುತ್ತಾರೆ. ಬಾಯಿಯಲ್ಲಾದರೆ ಸುಮಾರು 1 ಸೆಂ.ಮೀ.

ನೀವು ಬರೆದಿರುವ ಪ್ರಕಾರ ಅಮ್ಮನದು ಲೈಪೋಮ, ಅಂದರೆ ಕೊಬ್ಬಿನ ಗಂಟು ಇದ್ದಂತಿದೆ. ಒತ್ತಿದರೆ ಬೆರಳಡಿಯಿಂದ ಜಾರಿಕೊಳ್ಳುತ್ತದೆ, ಮೇಲಿನ ಚರ್ಮ ಸಡಿಲವಾಗಿರುತ್ತದೆ. ಒಮ್ಮೆ ಡಾಕ್ಟರಿಗೆ ತೋರಿಸಿ ಸುಮ್ಮನಿರಬಹುದು. ಆದರೆ 5 ಸೆಂ.ಮೀ. ದಾಟಿದರೆ, ಕೆಲವೇ ತಿಂಗಳಲ್ಲಿ ಬೆಳೆದರೆ, ಅಲುಗಾಡದೆ ಸ್ನಾಯುವಿಗೆ ಅಂಟಿಕೊಂಡಂತೆ ಇದ್ದರೆ ಅಥವಾ ಹೊಸದಾಗಿ ನೋವು ಶುರುವಾದರೆ ಎಂಆರ್‌ಐ ಆಗುವವರೆಗೆ ಕತ್ತರಿಸಲು ಬಿಡಬೇಡಿ. "ಸಣ್ಣ ಆಪರೇಷನ್, ಹತ್ತು ನಿಮಿಷದ ಕೆಲಸ" ಎಂದು ತೆಗೆದ ಗಂಟು ಆಮೇಲೆ ಸಾರ್ಕೋಮ (ಕೊಬ್ಬು, ಸ್ನಾಯುಗಳಲ್ಲಿ ಹುಟ್ಟುವ ಕ್ಯಾನ್ಸರ್) ಎಂದು ತಿಳಿದುಬಂದರೆ, ಎರಡನೇ ಶಸ್ತ್ರಕ್ರಿಯೆಯಲ್ಲಿ ಮೊದಲು ಕೈಯಾಡಿಸಿದ ಜಾಗವನ್ನೆಲ್ಲ ತೆಗೆಯಬೇಕಾಗುತ್ತದೆ. ಕೈಕಾಲಿನ ಗಂಟಿನಲ್ಲಿ ಇದರಿಂದ ಆಗುವ ನಷ್ಟ ದೊಡ್ಡದು.

ಫೈಬ್ರಾಯ್ಡ್ ಕ್ಯಾನ್ಸರಿಗೆ ತಿರುಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಚಿಕಿತ್ಸೆ ಬೇಕಾಗುವುದು ರಕ್ತಸ್ರಾವ, ನೋವು, ಮೂತ್ರಕ್ಕೆ ಒತ್ತಡ ಇಂಥ ಕಾರಣಗಳಿಗೆ. ಮುಟ್ಟು ನಿಂತ ಮೇಲೂ ಬೆಳೆಯುತ್ತಿದ್ದರೆ ಮಾತ್ರ ಬೇಗ ತೋರಿಸಬೇಕು. ನೆಂಟರ ಮಾತು ಸಲ್ಲುವ ಗಡ್ಡೆಯೂ ಒಂದಿದೆ: ದೊಡ್ಡ ಕರುಳಿನ ಅಡೆನೋಮ ಪಾಲಿಪ್. ಅಂಥ ಪಾಲಿಪ್‌ಗಳಲ್ಲಿ ಕೆಲವು ಹತ್ತು ವರ್ಷದ ಆಸುಪಾಸಿನಲ್ಲಿ ಕ್ಯಾನ್ಸರ್ ಆಗುತ್ತವೆ. ಆದ್ದರಿಂದ ಕೊಲೊನೋಸ್ಕೋಪಿಯಲ್ಲಿ ಕಂಡ ಕೂಡಲೇ ತೆಗೆದುಬಿಡುತ್ತಾರೆ. ಇನ್ನೊಂದು ವಿಷಯ. ಬಿನೈನ್ ಎಂದ ಮಾತ್ರಕ್ಕೆ ನಿರುಪದ್ರವಿ ಅಲ್ಲ. ಮೆದುಳಿನ ಪೊರೆಯ ಮೆನಿಂಜಿಯೋಮ ಎಲ್ಲಿಗೂ ಹರಡದಿದ್ದರೂ ಒತ್ತಿಯೇ ದೃಷ್ಟಿ ಕೆಡಿಸಬಲ್ಲದು.

ಅಣ್ಣ ಪ್ರತಿವರ್ಷ ಪ್ಯಾಕೇಜಿನಲ್ಲಿ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಜನವರಿಯಲ್ಲಿ ಎಲ್ಲವೂ ನಾರ್ಮಲ್. ಏಪ್ರಿಲ್‌ನಲ್ಲಿ ಗ್ಯಾಸ್ಟ್ರಿಕ್ ಅಂತ ಸ್ಕ್ಯಾನ್ ಮಾಡಿಸಿದರೆ ಎಡ ಕಿಡ್ನಿಯಲ್ಲಿ 3.5 ಸೆಂ.ಮೀ. ಗಡ್ಡೆ. ಮೂರೇ ತಿಂಗಳಲ್ಲಿ ಇಷ್ಟು ಬೆಳೆಯಿತೇ? — ಬಂಟ್ವಾಳ

ಇಲ್ಲ. ಜನವರಿಯಲ್ಲೂ ಇತ್ತು, ಅದರ ಹಿಂದಿನ ಜನವರಿಯಲ್ಲೂ ಇದ್ದಿರಬೇಕು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಸುಮಾರು 30 ಸಲ ಇಮ್ಮಡಿಸಿದಾಗ 1 ಸೆಂ.ಮೀ. ಗಡ್ಡೆಯಾಗುತ್ತದೆ. ಅಷ್ಟರಲ್ಲಿ ಅದರಲ್ಲಿ ಹೆಚ್ಚುಕಡಿಮೆ 100 ಕೋಟಿ ಕೋಶಗಳಿರುತ್ತವೆ, ತೂಕ ಒಂದು ಗ್ರಾಂ. ಆ ಮೂವತ್ತು ಇಮ್ಮಡಿಗಳ ಬಹುಪಾಲು ಯಾವ ಸ್ಕ್ಯಾನಿಗೂ ಕಾಣದೆ ನಡೆಯುತ್ತದೆ. ಇನ್ನೂ ಹತ್ತು ಸಲ ಇಮ್ಮಡಿಸಿದರೆ ಲೆಕ್ಕದ ಪ್ರಕಾರ ಒಂದು ಕಿಲೋ! ವಾಸ್ತವದಲ್ಲಿ ಇಷ್ಟು ನೇರವಾಗಿ ಬೆಳೆಯುವುದಿಲ್ಲ, ಏಕೆಂದರೆ ಹುಟ್ಟಿದ ಕೋಶಗಳಲ್ಲಿ ಎಷ್ಟೋ ಸಾಯುತ್ತವೆ. ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಗಡ್ಡೆ ತನ್ನತ್ತ ಹೊಸ ರಕ್ತನಾಳಗಳನ್ನು ಎಳೆದುಕೊಳ್ಳಲೇಬೇಕು. ಇದನ್ನು 1971ರಲ್ಲಿ ಜೂಡಾ ಫೋಕ್‌ಮನ್ ಎಂಬ ಅಮೆರಿಕದ ಸರ್ಜನ್ ಮುಂದಿಟ್ಟರು. ಹೊಸ ನಾಳ ಬೆಳೆಯದಂತೆ ತಡೆಯುವ ಔಷಧಿಗಳು ಕಿಡ್ನಿ ಕ್ಯಾನ್ಸರಿನಲ್ಲಿ ಇಂದು ಬಳಕೆಯಲ್ಲಿವೆ.

ಇಮ್ಮಡಿಸುವ ವೇಗ ಒಂದೊಂದಕ್ಕೆ ಒಂದೊಂದು. ಬರ್ಕಿಟ್ ಲಿಂಫೋಮ ಎಂಬ ಬಿಳಿರಕ್ತಕೋಶಗಳ ಕ್ಯಾನ್ಸರ್ ಒಂದೆರಡು ದಿನಗಳಲ್ಲಿ ಇಮ್ಮಡಿಯಾಗಬಲ್ಲದು. ಕಿಡ್ನಿಯ ಸಣ್ಣ ಗಡ್ಡೆಗಳು ಸರಾಸರಿ ವರ್ಷಕ್ಕೆ 3 ಮಿ.ಮೀ. ಮಾತ್ರ ಬೆಳೆಯುತ್ತವೆ.

ಹಾಗಾದರೆ ರಕ್ತದಲ್ಲಿ ಗೊತ್ತಾಗಲಿಲ್ಲ ಏಕೆ? ಕ್ರಿಯಾಟಿನಿನ್ ಹೇಳುವುದು ಎರಡೂ ಕಿಡ್ನಿ ಸೇರಿ ಕೆಲಸ ಮಾಡುತ್ತಿವೆಯೇ ಎಂಬುದನ್ನು. ಒಂದರ ಮೂಲೆಯಲ್ಲಿ ಗಡ್ಡೆ ಇದ್ದರೆ ಅದು ಏರುವುದೇ ಇಲ್ಲ. ಪ್ಯಾಕೇಜಿನಲ್ಲಿ ಸೇರಿಸಿ ಮಾರುವ, ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ 'ಟ್ಯೂಮರ್ ಮಾರ್ಕರ್'ಗಳಿಗೂ ಲಕ್ಷಣವಿಲ್ಲದವರು ದುಡ್ಡು ಹಾಕುವುದು ವ್ಯರ್ಥ. ಸಿಎ-125 ಮುಟ್ಟಿನ ದಿನಗಳಲ್ಲಿ, ಎಂಡೋಮೆಟ್ರಿಯೋಸಿಸ್‌ನಲ್ಲಿ, ಹೊಟ್ಟೆಯ ಟಿಬಿಯಲ್ಲಿ ಏರುತ್ತದೆ. ಸಿಇಎ ಬೀಡಿ ಸೇದುವವರಲ್ಲಿ ಏರುತ್ತದೆ. ನಾರ್ಮಲ್ ಬಂದರೆ ಕ್ಯಾನ್ಸರ್ ಇಲ್ಲವೆಂದೂ ಅಲ್ಲ. ಅವು ಬೇಕಾಗುವುದು ಕಾಯಿಲೆ ಗೊತ್ತಾದ ಮೇಲೆ ಚಿಕಿತ್ಸೆಗೆ ಬಗ್ಗುತ್ತಿದೆಯೇ ನೋಡಲು.

ಅಣ್ಣನಿಗೆ ಧೈರ್ಯ ಹೇಳಿ. ಕಿಡ್ನಿಯೊಳಗೇ ಇರುವ 4 ಸೆಂ.ಮೀ. ಒಳಗಿನ ಗಡ್ಡೆ ಟಿ1ಎ ('ಟಿ' ಎಂದರೆ ಗಡ್ಡೆ ಎಷ್ಟು ಬೆಳೆದಿದೆ ಎಂಬುದರ ಲೆಕ್ಕ, ಅಂಕಿ ಸಣ್ಣದಾದಷ್ಟೂ ಒಳ್ಳೆಯದು). ಹೆಚ್ಚಿನವರಿಗೆ ಇಡೀ ಕಿಡ್ನಿ ತೆಗೆಯದೆ ಆ ಭಾಗ ಮಾತ್ರ ತೆಗೆಯಲು ಆಗುತ್ತದೆ. ಇಷ್ಟು ಸಣ್ಣವುಗಳಲ್ಲಿ ಐದರಲ್ಲಿ ಒಂದರಷ್ಟು ಕ್ಯಾನ್ಸರೇ ಆಗಿರುವುದಿಲ್ಲ.

ಅಪ್ಪ ಹೊಗೆಸೊಪ್ಪು ಮುಟ್ಟಿದವರಲ್ಲ. ಎಲೆ, ಅಡಿಕೆ, ಸುಣ್ಣ ಅಷ್ಟೇ, ತೋಟದ್ದೇ ಅಡಿಕೆ. ಈಗ ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ, ಖಾರ ತಿಂದರೆ ಉರಿ, ಕೆನ್ನೆಯ ಒಳಗೆ ಬಿಳಿ ಮಚ್ಚೆ. ತಂಬಾಕು ಇಲ್ಲದೆಯೂ ಕ್ಯಾನ್ಸರ್ ಬರುತ್ತದೆಯೇ? — ಪುತ್ತೂರು ರಸ್ತೆ, ಮಂಗಳೂರು

ಬರುತ್ತದೆ. ಅಡಿಕೆ ಬೆಳೆದು ಬದುಕುವ ಜಿಲ್ಲೆಯಲ್ಲಿ ಇದನ್ನು ಹೇಳುವುದು ಯಾರಿಗೂ ಹಿತವಲ್ಲ, ಆದರೂ ಮುಚ್ಚಿಡುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲನೇ ಗುಂಪಿಗೆ ಸೇರಿಸಿತು. ತಂಬಾಕು ಸೇರಿದರೆ ಅಪಾಯ ಇನ್ನೂ ಹೆಚ್ಚು. ತೋಟದ್ದೋ ಅಂಗಡಿಯದ್ದೋ ಎಂಬುದರಿಂದ ವ್ಯತ್ಯಾಸವಿಲ್ಲ.

ಬಾಯಿ ಬಿಗಿಯುತ್ತಿರುವುದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಇರಬೇಕು. ಅಡಿಕೆಯ ಅರಿಕೋಲಿನ್ ಅಂಶ ಕೆನ್ನೆಯ ಒಳಪದರದ ಅಡಿಯಲ್ಲಿ ನಾರು ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ. ಒಳಗೆ ಬೆರಳಾಡಿಸಿದರೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ. ಅಪ್ಪ ತಮ್ಮದೇ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಿಟ್ಟು ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ತೂರಿಸಿ ನೋಡಲಿ. ಮೂರು ಹೋಗದಿದ್ದರೆ ಬಿಗಿತ ಇದೆ ಎಂದರ್ಥ. ತಿಂಗಳಿಗೊಮ್ಮೆ ಸ್ಕೇಲಿನಲ್ಲಿ ಅಳೆದು ಬರೆದಿಡಿ. ನಾರು ಕಟ್ಟಿದ್ದು ಅಡಿಕೆ ಬಿಟ್ಟರೂ ಪೂರ್ತಿ ಕರಗುವುದಿಲ್ಲ, ಆದರೆ ಬಿಡದಿದ್ದರೆ ಯಾವ ಇಂಜೆಕ್ಷನ್ನೂ ಪ್ರಯೋಜನಕ್ಕೆ ಬಾರದು.

ಬಿಳಿ ಮಚ್ಚೆ ಒರೆಸಿದರೆ ಹೋಗದಿದ್ದರೆ ಅದು ಲ್ಯೂಕೋಪ್ಲೇಕಿಯಾ ಇರಬಹುದು. ಹೆಚ್ಚಿನವು ಹಾಗೇ ಉಳಿಯುತ್ತವೆ, ಕೆಲವು ಕ್ಯಾನ್ಸರ್ ಆಗುತ್ತವೆ. ಮಖಮಲ್ಲಿನಂಥ ಕೆಂಪು ಮಚ್ಚೆ ಇದಕ್ಕಿಂತ ಬಹಳ ಅಪಾಯದ್ದು. ಇಲ್ಲಿ ನಡೆಯುವುದು ಮೆಟ್ಟಿಲು ಮೆಟ್ಟಿಲಾಗಿ: ಮೊದಲು ಕೋಶಗಳ ಆಕಾರ ಕೆಡುತ್ತದೆ, ಅದನ್ನು ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಕೆಟ್ಟ ಕೋಶಗಳು ಒಳಪದರದ ಪೂರ್ತಿ ದಪ್ಪಕ್ಕೆ ತುಂಬಿದರೆ 'ಇನ್ ಸಿಟು' ಕ್ಯಾನ್ಸರ್. ಒಳಪದರದ ಅಡಿಯಲ್ಲಿ ಬೇಸ್‌ಮೆಂಟ್ ಮೆಂಬ್ರೇನ್ ಎಂಬ ತೆಳು ಪೊರೆ ಇದೆ. ರಕ್ತನಾಳ, ದುಗ್ಧನಾಳಗಳೆಲ್ಲ ಅದರ ಕೆಳಗೆ. ಹಾಗಾಗಿ ಪೊರೆ ಹರಿಯುವ ತನಕ ಕಾಯಿಲೆ ಬೇರೆಡೆಗೆ ಹೋಗಲಾರದು. ಹರಿದ ಮೇಲೆ ಎಷ್ಟು ಆಳಕ್ಕೆ ಇಳಿಯಿತು ಎಂಬುದೇ ಲೆಕ್ಕ. 2 ಸೆಂ.ಮೀ. ಒಳಗಿನ ಹುಣ್ಣು 5 ಮಿ.ಮೀ.ಗಿಂತ ಆಳ ಇಳಿಯದಿದ್ದರೆ ಟಿ1. ಅದೇ ಅಗಲದ ಹುಣ್ಣು 5 ದಾಟಿ 10 ಮಿ.ಮೀ. ಒಳಗಿದ್ದರೆ ಟಿ2, 10 ದಾಟಿದರೆ ಟಿ3. ಹೊರಗಿಂದ ನೋಡಿದರೆ ಮೂರೂ ಒಂದೇ ತರ ಕಾಣಬಹುದು.

ಅಪ್ಪನನ್ನು ಈ ವಾರವೇ ದಂತ ವೈದ್ಯರಿಗೋ ಇಎನ್‌ಟಿಯವರಿಗೋ ತೋರಿಸಿ. ಮಂಗಳೂರಿನ ವೆನ್‌ಲಾಕ್‌ಗೋ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಹೋದರೂ ಆಯಿತು. 30 ದಾಟಿದವರ ಬಾಯಿ ತಪಾಸಣೆ ಸರಕಾರಿ ಕಾರ್ಯಕ್ರಮದಲ್ಲೇ ಇದೆ. ಮೂರು ವಾರವಾದರೂ ಮಾಯದ ಹುಣ್ಣಿಗೆ ಮುಲಾಮು ಬದಲಾಯಿಸುತ್ತ ಕೂರಬೇಡಿ. ಬಯಾಪ್ಸಿಯ, ಅಂದರೆ ಲ್ಯಾಬಿನ ಪರೀಕ್ಷೆಗೆಂದು ಕತ್ತರಿಸುವ ಚೂರನ್ನು ಹುಣ್ಣಿನ ನಡುವಿನಿಂದಲ್ಲ, ಅಂಚಿನಿಂದ ತೆಗೆಯಬೇಕು. ನಡುವೆ ಸತ್ತ ಕೋಶಗಳೇ ಹೆಚ್ಚಿರುವುದರಿಂದ ರಿಪೋರ್ಟ್ 'ಬರೀ ಉರಿಯೂತ' ಎಂದು ಬಂದು ತಿಂಗಳು ಕಳೆದುಹೋಗುತ್ತದೆ. ಹಾಗೆ ಬಂದೂ ಹುಣ್ಣು ಮಾಯದಿದ್ದರೆ ಬಯಾಪ್ಸಿ ಮತ್ತೊಮ್ಮೆ ಮಾಡಿಸಲೇಬೇಕು.

ಸೂಜಿ ಚುಚ್ಚಿದರೆ, ಕತ್ತರಿ ತಾಗಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದಂತೆ. ಅಪ್ಪಯ್ಯ ಅದಕ್ಕೇ ಬಯಾಪ್ಸಿ ಬೇಡವೆನ್ನುತ್ತಿದ್ದಾರೆ. — ಕುಂದಾಪುರ

ಈ ನಂಬಿಕೆ ಹೇಗೆ ಬಂತೆಂದು ಊಹಿಸುವುದು ಕಷ್ಟವಲ್ಲ. ತಡವಾಗಿ ಬರುತ್ತಾರೆ, ಬಯಾಪ್ಸಿ ಆಗುತ್ತದೆ, ಆಗಲೇ ಹರಡಿದ್ದ ಕಾಯಿಲೆ ಎರಡು ತಿಂಗಳಲ್ಲಿ ಎದ್ದು ಕಾಣುತ್ತದೆ. ದೂರು ಸೂಜಿಯ ಮೇಲೆ. ಸೂಜಿ ಹೋದ ದಾರಿಯಲ್ಲಿ ಕೋಶಗಳು ಉಳಿಯುವುದು ಸಾಧ್ಯವಿಲ್ಲದ ಮಾತಲ್ಲ, ಆದರೆ ತೀರ ಅಪರೂಪ. ಅದು ಹೆಚ್ಚು ಎಲ್ಲಿ ಎಂಬುದು ವೈದ್ಯರಿಗೆ ಗೊತ್ತಿರುವುದರಿಂದ ಅಂಥ ಕಡೆ ಅವರೇ ಚುಚ್ಚುವುದಿಲ್ಲ. ವೃಷಣದ ಗಡ್ಡೆಗೆ ಚೀಲದ ಮೂಲಕ ಸೂಜಿ ಹಾಕುವುದಿಲ್ಲ, ತೊಡೆಸಂದಿಯಿಂದ ಇಡಿಯಾಗಿ ತೆಗೆಯುತ್ತಾರೆ. ಅಂಡಾಶಯದ ಅನುಮಾನದ ಗಡ್ಡೆಯನ್ನು ಒಡೆಯದಂತೆ ತೆಗೆಯುತ್ತಾರೆ. ಸಿರೋಸಿಸ್ ಇರುವವರ ಲಿವರ್ ಗಡ್ಡೆ ಮೂರು ಹಂತದ ಸಿಟಿಯಲ್ಲಿ ಸ್ಪಷ್ಟವಾಗಿ ಗುರುತು ಸಿಕ್ಕಿದರೆ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ. ಮೂಳೆಯ ಮತ್ತು ಸ್ನಾಯುವಿನ ಗಡ್ಡೆಯಲ್ಲಿ, ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಸೂಜಿಯ ದಾರಿ ಗೊತ್ತುಮಾಡಬೇಕು. ಆಮೇಲೆ ಆ ದಾರಿಯನ್ನೂ ಸೇರಿಸಿ ತೆಗೆಯುತ್ತಾರೆ. ಉಳಿದ ಕಡೆ ಬಯಾಪ್ಸಿ ಇಲ್ಲದೆ ಕಿಮೋ, ರೇಡಿಯೇಷನ್ ಶುರುಮಾಡುವುದು ಕತ್ತಲಲ್ಲಿ ಕೈಹಾಕುವ ಕೆಲಸ.

ಚಿಕ್ಕಮ್ಮನ ಸ್ತನದ ಆಪರೇಷನ್ ಆಯಿತು. ರಿಪೋರ್ಟಿನಲ್ಲಿ ಹೀಗಿದೆ: ಇನ್ವೇಸಿವ್ ಕಾರ್ಸಿನೋಮ, 2.8 ಸೆಂ.ಮೀ., ಗ್ರೇಡ್ 3, ಸ್ಕೋರ್ 3+3+2; ಗ್ರಂಥಿ 2/14; ಪಿಟಿ2 ಪಿಎನ್1ಎ; ಇಆರ್ 90%, ಹರ್2 2+. ಗ್ರೇಡ್ ಮೂರು ಅಂದರೆ ಮೂರನೇ ಸ್ಟೇಜಾ? ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ. — ಉಡುಪಿ

ಮೂರನೇ ಸ್ಟೇಜ್ ಅಲ್ಲ. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಇವೆರಡನ್ನು ಒಂದೇ ಅಂದುಕೊಂಡು ಅಳುವ ಮನೆಗಳು ಬಹಳ. ಸ್ಟೇಜ್ ಎಂದರೆ ಎಷ್ಟು ದೂರ ಹೋಗಿದೆ ಎಂಬುದು. ಗ್ರೇಡ್ ಎಂದರೆ ಕೋಶಗಳ ಸ್ವಭಾವ ಎಷ್ಟು ಕೆಟ್ಟಿದೆ ಎಂಬುದು.

ಒಂದೊಂದಾಗಿ ನೋಡೋಣ. ಕಾರ್ಸಿನೋಮ ಎಂದರೆ ಚರ್ಮ, ಒಳಪದರ, ಗ್ರಂಥಿಗಳಲ್ಲಿ ಹುಟ್ಟಿದ ಕ್ಯಾನ್ಸರ್. ಮೂಳೆ, ಸ್ನಾಯು, ಕೊಬ್ಬಿನಲ್ಲಿ ಹುಟ್ಟಿದ್ದಾದರೆ ಸಾರ್ಕೋಮ ಎನ್ನುತ್ತಿದ್ದರು. ಇನ್ವೇಸಿವ್ ಎಂದರೆ ಪೊರೆ ದಾಟಿದೆ ಎಂದರ್ಥ. 3+3+2 ಎಂಬುದು ನಾಟಿಂಗ್‌ಹ್ಯಾಮ್ ಸ್ಕೋರ್. ಕೋಶಗಳು ಇನ್ನೂ ನಾಳದ ಆಕಾರ ಕಟ್ಟುತ್ತಿವೆಯೇ, ಕೋಶಕೇಂದ್ರ ಎಷ್ಟು ವಿಕಾರವಾಗಿದೆ, ಎಷ್ಟು ಕೋಶ ಒಡೆದು ಇಬ್ಭಾಗವಾಗುತ್ತಿವೆ ಎಂಬ ಮೂರಕ್ಕೂ ಒಂದರಿಂದ ಮೂರು ಅಂಕ. ಒಟ್ಟು 3ರಿಂದ 5 ಬಂದರೆ ಗ್ರೇಡ್ 1, 6–7 ಬಂದರೆ 2, 8–9 ಬಂದರೆ 3. ಚಿಕ್ಕಮ್ಮನದು 8.

ಪಿಟಿ2 ಎಂದರೆ ಗಡ್ಡೆ 2 ದಾಟಿದೆ, 5 ಸೆಂ.ಮೀ. ಒಳಗಿದೆ. ಮುಂದಿನ 'ಪಿ' ಅಕ್ಷರಕ್ಕೆ ಅರ್ಥ, ಸ್ಕ್ಯಾನಿನ ಅಂದಾಜಲ್ಲ, ತೆಗೆದ ಭಾಗವನ್ನೇ ಲ್ಯಾಬಿನಲ್ಲಿ ಅಳೆದದ್ದು. ಕಂಕುಳಿನಿಂದ ತೆಗೆದ 14 ದುಗ್ಧಗ್ರಂಥಿಗಳಲ್ಲಿ 2ರಲ್ಲಿ ಕಾಯಿಲೆ ಇದೆ. ಒಂದರಿಂದ ಮೂರು ಇದ್ದರೆ ಎನ್1ಎ. ಬೇರೆ ಅಂಗಕ್ಕೆ ಹೋಗಿರದಿದ್ದರೆ ಇದು 2ಬಿ ಸ್ಟೇಜ್. ಇಆರ್ ಎಂದರೆ ಈಸ್ಟ್ರೋಜೆನ್ ಹಾರ್ಮೋನನ್ನು ಹಿಡಿಯುವ ಪ್ರೋಟೀನ್; ಅದು 90% ಇರುವುದು ಒಳ್ಳೆಯ ಸುದ್ದಿ, ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುವ ಸಂಭವ ಹೆಚ್ಚು.

ನೀವು ಈಗ ಗಮನ ಕೊಡಬೇಕಾದ್ದು ಕೊನೆಯ ಸಾಲಿಗೆ. ಹರ್2 ಎಂದರೆ ಕೋಶಗಳನ್ನು ಬೆಳೆಯಲು ಪ್ರಚೋದಿಸುವ ಪ್ರೋಟೀನ್. 0 ಅಥವಾ 1+ ಬಂದರೆ ನೆಗೆಟಿವ್, 3+ ಪಾಸಿಟಿವ್. 2+ ಎಂದರೆ ತೀರ್ಮಾನವಾಗಿಲ್ಲ, ಹರ್2 ಜೀನನ್ನೇ ಎಣಿಸುವ 'ಫಿಶ್' ಪರೀಕ್ಷೆ ಆಗಬೇಕು. ಪಾಸಿಟಿವ್ ಬಂದರೆ ಹರ್2 ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಿ ಸೇರುತ್ತದೆ, ಸಾಮಾನ್ಯವಾಗಿ ಒಂದು ವರ್ಷ. 2+ ಅನ್ನು ಅರ್ಧ ಪಾಸಿಟಿವ್ ಎಂದುಕೊಂಡು ಸುಮ್ಮನಾಗಬೇಡಿ, ಫಿಶ್ ಕಳಿಸಿದ್ದಾರೆಯೇ ಎಂದು ನೇರವಾಗಿ ಕೇಳಿ.

ಇದೇ ಪತ್ರದ ನೆಪದಲ್ಲಿ, ತೆಗೆದ ಭಾಗ ಕೊಳೆಯದಂತೆ ಇಡುವ ಫಾರ್ಮಲಿನ್ ದ್ರವದ ವಿಷಯವನ್ನೂ ಹೇಳಬೇಕು. ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ತೆಗೆದ ಗಡ್ಡೆಯನ್ನು ಬಾಟಲಿಯಲ್ಲಿ ಹಾಕಿ "ಲ್ಯಾಬಿಗೆ ಕೊಡಿ" ಎಂದು ಮನೆಯವರ ಕೈಗೇ ಕೊಡುವುದುಂಟು. ಅದರಲ್ಲಿರಬೇಕಾದ್ದು 10% ಬಫರ್ಡ್ ಫಾರ್ಮಲಿನ್, ಗಡ್ಡೆಯ ಹತ್ತುಪಟ್ಟು. ಸಲೈನ್‌ನಲ್ಲೋ ನೀರಿನಲ್ಲೋ ಹಾಕಿದರೆ ನಮ್ಮ ಸೆಕೆಗೆ ಕೆಲವೇ ಗಂಟೆಯಲ್ಲಿ ಕೊಳೆಯಲು ಶುರು. ಫಾರ್ಮಲಿನ್ ಗಂಟೆಗೆ ಹೆಚ್ಚೆಂದರೆ 1 ಮಿ.ಮೀ.ನಷ್ಟು ಒಳಗಿಳಿಯುತ್ತದೆ. ಹಾಗಾಗಿ ಇಡೀ ಸ್ತನವನ್ನು ಸೀಳದೆ ಶನಿವಾರ ಮುಳುಗಿಸಿಟ್ಟು ಸೋಮವಾರ ತೆರೆದರೆ ಹೊರಗೆ ಗಟ್ಟಿ, ನಡುವೆ ಹಾಳು. ಆಗ ಇಆರ್ ಇದ್ದೂ ನೆಗೆಟಿವ್ ಬರಬಹುದು, ಒಡೆಯುವ ಕೋಶಗಳ ಎಣಿಕೆ ಕಡಿಮೆಯಾಗಿ ಗ್ರೇಡ್ ಇಳಿಯಬಹುದು. ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳಬೇಕು, 6 ಗಂಟೆಗಿಂತ ಕಡಿಮೆ, 72 ಗಂಟೆಗಿಂತ ಹೆಚ್ಚು ಇರಬಾರದು.

ತಂದೆಗೆ ಎರಡು ವರ್ಷದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಈಗ ಲಿವರ್‌ನಲ್ಲಿ ಎರಡು ಗಡ್ಡೆ. ಕುಡಿತದ ಅಭ್ಯಾಸವೇ ಇಲ್ಲ, ಲಿವರ್ ಕ್ಯಾನ್ಸರ್ ಹೇಗೆ ಬಂತು? — ಸುರತ್ಕಲ್

ಅದು ಲಿವರ್ ಕ್ಯಾನ್ಸರ್ ಅಲ್ಲ, ಲಿವರ್‌ಗೆ ಬಂದು ಕೂತ ಕರುಳಿನ ಕ್ಯಾನ್ಸರ್ ಇರಬೇಕು. ಎಲ್ಲಿಗೆ ಹೋದರೂ ಹುಟ್ಟಿದ ಜಾಗದ ಹೆಸರೇ ಉಳಿಯುತ್ತದೆ, ಔಷಧಿಯೂ ಅದರದ್ದೇ. ಅನುಮಾನವಿದ್ದರೆ ಬಯಾಪ್ಸಿಗೆ ಬಣ್ಣದ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಸಿಕೆ20, ಸಿಡಿಎಕ್ಸ್2 ಎಂಬ ಗುರುತಿನ ಪ್ರೋಟೀನ್‌ಗಳು ಎರಡೂ ಪಾಸಿಟಿವ್ ಬಂದು ಸಿಕೆ7 ನೆಗೆಟಿವ್ ಇದ್ದರೆ ಮೂಲ ಕರುಳೇ.

ಲಿವರ್‌ಗೇ ಏಕೆ ಹೋಯಿತೆಂದರೆ, ಕರುಳಿನ ರಕ್ತವೆಲ್ಲ ಪೋರ್ಟಲ್ ಸಿರೆಯ ಮೂಲಕ ಮೊದಲು ಸೇರುವುದು ಲಿವರನ್ನು. ಆದರೆ ರಕ್ತದ ದಾರಿಯೊಂದರಿಂದಲೇ ಎಲ್ಲ ವಿವರಿಸಲಾಗದು. 1889ರಲ್ಲಿ ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ನೋಡಿ, ಬೀಜ ಎಲ್ಲೆಡೆ ಬಿದ್ದರೂ ಒಗ್ಗಿದ ಮಣ್ಣಿನಲ್ಲೇ ಮೊಳೆಯುತ್ತದೆ ಎಂದರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆ ಹಿಡಿಯುತ್ತದೆ, ಶ್ವಾಸಕೋಶದ್ದು ಮೆದುಳು ಮತ್ತು ಅಡ್ರಿನಲ್ ಗ್ರಂಥಿ, ಬಾಯಿಯದ್ದು ಮೊದಲು ಕುತ್ತಿಗೆಯ ದುಗ್ಧಗ್ರಂಥಿ. ನಾಳಕ್ಕೆ ಇಳಿದ ಕೋಶಗಳಲ್ಲಿ ಬಹುಪಾಲು ರಕ್ತದಲ್ಲೇ ಸಾಯುತ್ತವೆ. ಉಳಿದ ಕೆಲವು ಎಲ್ಲೋ ಇಳಿದು ವರ್ಷಗಟ್ಟಲೆ ಬೆಳೆಯದೆ ಕೂರಬಲ್ಲವು. ಆಪರೇಷನ್ ಚೆನ್ನಾಗಿಯೇ ಆಗಿದ್ದರೂ ಎರಡು ವರ್ಷದ ಮೇಲೆ ಕಾಣಿಸಿದ್ದು ಹೀಗೆ. ಆ ಸರ್ಜನ್ ಮೇಲೆ ಸಿಟ್ಟು ಬೇಡ.

ಇದು ನಾಲ್ಕನೇ ಸ್ಟೇಜಿನ ಸ್ಥಿತಿ. ಆದರೂ ಕರುಳಿನ ಕ್ಯಾನ್ಸರಿನಲ್ಲಿ ಲಿವರ್‌ನ ಒಂದೆರಡು ಗಡ್ಡೆಗಳನ್ನು ತೆಗೆಯಲು ಸಾಧ್ಯವಾದರೆ ಕೆಲವರು ಪೂರ್ತಿ ಗುಣವಾಗುತ್ತಾರೆ. "ನಾಲ್ಕನೇ ಸ್ಟೇಜ್, ಮನೆಗೆ ಕರೆದುಕೊಂಡು ಹೋಗಿ" ಎಂಬ ಮಾತು ಕೇಳಿ ಹಿಂದಿರುಗುವ ಮುಂಚೆ, ಲಿವರ್ ಶಸ್ತ್ರಕ್ರಿಯೆ ಮಾಡುವವರ ಹತ್ತಿರ ಸಿಟಿ ಫಿಲಂ ತೋರಿಸಿ.

ಪೆಟ್ ಸ್ಕ್ಯಾನಿನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರಾ? — ಮೂಡುಬಿದಿರೆ

ಅಲ್ಲ. ಅದು ತೋರಿಸುವುದು ಗ್ಲೂಕೋಸ್ ಹೆಚ್ಚು ಬಳಸುವ ಜಾಗವನ್ನು. ಮೆದುಳು ಸಹಜವಾಗಿಯೇ ಹೊಳೆಯುತ್ತದೆ, ಮೂತ್ರಕೋಶದಲ್ಲಿ ಸ್ಕ್ಯಾನಿಗೆಂದು ಚುಚ್ಚಿದ ಔಷಧಿ ಸೇರಿಕೊಳ್ಳುವುದರಿಂದ ಅದೂ ಹೊಳೆಯುತ್ತದೆ. ನಮ್ಮಲ್ಲಿ ಟಿಬಿ ಗ್ರಂಥಿಗಳೂ ಹೊಳೆಯುತ್ತವೆ, ಆದ್ದರಿಂದ ಅಂಥ ಗ್ರಂಥಿಗೆ ಬಯಾಪ್ಸಿ ಮಾಡದೆ ಸ್ಟೇಜ್ ಏರಿಸಬಾರದು.

ರಕ್ತದ ಕ್ಯಾನ್ಸರಿಗೆ ಎಷ್ಟನೇ ಸ್ಟೇಜ್ ಅಂತ ಡಾಕ್ಟರ್ ಹೇಳಲೇ ಇಲ್ಲ. — ಮಲ್ಪೆ

ಲ್ಯುಕೀಮಿಯಾ ಶುರುವಿನಿಂದಲೇ ಮಜ್ಜೆ ಮತ್ತು ರಕ್ತದಲ್ಲಿ ಇರುವುದರಿಂದ ಗಡ್ಡೆ, ಗ್ರಂಥಿಗಳ ಲೆಕ್ಕದ ಟಿಎನ್‌ಎಂ ಸ್ಟೇಜ್ ಅದಕ್ಕಿಲ್ಲ. ಯಾವ ಜಾತಿಯ ಕೋಶ, ಕ್ರೋಮೋಸೋಮಿನಲ್ಲಿ ಯಾವ ಬದಲಾವಣೆ ಎಂಬುದರ ಮೇಲೆ ಅಪಾಯದ ಗುಂಪು ಮಾಡುತ್ತಾರೆ. ಅದನ್ನು ಕೇಳಿ.

ಸೆಕೆಂಡ್ ಒಪಿನಿಯನ್‌ಗೆ ಬೆಂಗಳೂರಿನ ಕಿದ್ವಾಯಿಗೆ ಹೋಗಬೇಕೆಂದಿದ್ದೇವೆ. ರಿಪೋರ್ಟ್ ಸಾಕಲ್ಲ? — ಉಳ್ಳಾಲ

ಸಾಲದು. ಬಯಾಪ್ಸಿ ಆದ ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ (ಬಯಾಪ್ಸಿಯ ಚೂರನ್ನು ಹುದುಗಿಸಿಟ್ಟ ಮೇಣದ ತುಂಡು) ಎರಡನ್ನೂ ಕೇಳಿ ಪಡೆಯಿರಿ. ಸ್ಲೈಡ್ ಮಾತ್ರ ಇದ್ದರೆ ಅಲ್ಲಿ ಹೊಸ ಪರೀಕ್ಷೆ ಮಾಡಲು ಆಗುವುದಿಲ್ಲ. ಸ್ಲೈಡಿನ ಮೇಲಿನ ನಂಬರ್, ಬ್ಲಾಕಿನ ನಂಬರ್, ರಿಪೋರ್ಟಿನ ನಂಬರ್ ಮೂರೂ ಒಂದೇ ಇವೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ. ಪ್ಯಾರಾಫಿನ್ 56ರಿಂದ 60 ಡಿಗ್ರಿಗೆ ಕರಗುತ್ತದೆ, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬ್ಲಾಕ್ ಇಡಬೇಡಿ. ಸಿಟಿ, ಎಂಆರ್‌ಐಗಳ ಸಿಡಿಯನ್ನೂ ತೆಗೆದುಕೊಳ್ಳಿ, ಫಿಲಂ ಒಂದರಿಂದ ಅಳತೆ ಸಿಗುವುದಿಲ್ಲ. ಕೆಲಸ ಮುಗಿದ ಮೇಲೆ ಬ್ಲಾಕನ್ನು ಅದೇ ಲ್ಯಾಬಿಗೆ ವಾಪಸ್ ಕೊಟ್ಟು ರಸೀದಿ ಪಡೆಯಿರಿ. ಕಾಯಿಲೆ ಮುಂದೆ ಮರುಕಳಿಸಿದರೆ ಹಳೆಯದೇ ಬಂದದ್ದೋ, ಬೇರೆ ಹೊಸದೋ ಎಂದು ತಾಳೆ ನೋಡಲು ಆ ಬ್ಲಾಕೇ ಬೇಕು.